ಪರದೆ ನೋಡದ ಚಂದ್ರಹಾಸ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಜಯಪ್ಪನವರ ಅರ್ಜಿ ಅಂಗಡಿಗೆ ಹೋದವರಿಗೆ ಚಂದ್ರಹಾಸನ ಮುಖಕ್ಕಿಂತ ಮೊದಲು ಅವನ ಬೆರಳುಗಳ ಸದ್ದು ಪರಿಚಯವಾಗುತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆರಳಚ್ಚು ಕಲಿಯಲು ಹೋದಾಗ ಈಶ್ವರಪ್ಪ ಮೇಷ್ಟ್ರು ಅವನ ಎರಡೂ ಕೈಗಳ ಮೇಲೆ ಟವೆಲು ಹೊದಿಸಿ, "ಕಣ್ಣು ಕರಡಿನ ಮೇಲಿರ್ಬೇಕು ಕಣೋ. ಕೀಲಿ ನೋಡೋನೂ ಟೈಪಿಸ್ಟ್ ಅಲ್ಲ, ಹಾಳೆ ನೋಡೋನೂ ಅಲ್ಲ" ಎಂದಿದ್ದರು. ಆ ಮಾತನ್ನು ಅವನು ಮೂವತ್ತೆಂಟು ವರ್ಷ ಪಾಲಿಸಿದ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗಲೂ ಅವನು ಪರದೆಯತ್ತ ತಿರುಗಿದವನಲ್ಲ. ತಪ್ಪು ಹುಡುಕಿದವರಿಗೆ ಒಂದು ಕಾಫಿ ಎಂದು ಜಯಪ್ಪನವರು ಪಂಥ ಕಟ್ಟುತ್ತಿದ್ದರು. ಆ ಕಾಫಿ ಕುಡಿದವರು ಕಡಮೆ.

ಹೋದ ವರ್ಷ ಲಕ್ವ ಹೊಡೆದು ಅವನ ಬಲಗೈಯ ಮೂರು ಬೆರಳು ಮಾತು ಕೇಳದಾದವು. ಆಸ್ಪತ್ರೆ, ಆರೈಕೆ ಮುಗಿದು ಅಂಗಡಿಗೆ ಮರಳಿದಾಗ ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬೆಂಚಿನ ಮೇಲೆ ಕಾದವರು ಆಕಳಿಸಿ, ಎದುರಂಗಡಿಗೆ ಎದ್ದು ಹೋಗತೊಡಗಿದರು.

"ಯುಗಾದಿವರೆಗೆ ನೋಡೋಣ, ಚಂದ್ರಣ್ಣ. ಆಮೇಲೆ ರಶ್ಮಿನ ಈ ಟೇಬಲ್ಲಿಗೆ ಕೂರಿಸ್ತೀನಿ. ಅವಳ ಜೆರಾಕ್ಸ್ ನೀನು ನೋಡ್ಕೋ" ಎಂದರು ಜಯಪ್ಪನವರು.

ಜೆರಾಕ್ಸ್ ಕೆಟ್ಟ ಕೆಲಸವೇನಲ್ಲ. ಆದರೆ ಆ ಕುರ್ಚಿ ಬಿಟ್ಟರೆ ತಾನು ಯಾರೂ ಅಲ್ಲ ಎಂದು ಚಂದ್ರಹಾಸನಿಗೆ ಅನ್ನಿಸಿತು.

ಅವನ ತಮ್ಮನ ಮಗಳು ಭೂಮಿಕಾ ಶಿವಮೊಗ್ಗದ ವಿದ್ಯಾನಗರದವಳು, ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಸುದ್ದಿ ತಿಳಿದು ಭಾನುವಾರವೇ ಬಸ್ಸು ಹತ್ತಿ ಬಂದಳು. ಅಂಗಡಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ತಂತ್ರಾಂಶ ಹಾಕಿ, ಒಂದೆರಡಕ್ಷರ ಒತ್ತಿದರೆ ಉಳಿದ ಪದವನ್ನು ತಾನೇ ಸೂಚಿಸುವ ಏರ್ಪಾಡು ಮಾಡಿದಳು.

"ದೊಡ್ಡಪ್ಪ, 'ತಹ' ಅಂತ ಒತ್ತಿ. ಕೆಳಗೆ ನೋಡಿ, ತಹಶೀಲ್ದಾರ್ ಬಂದ್ರು."

"ಕರೆಯೋ ಮುಂಚೆನೇ ಬಂದ್ರಾ? ಕಚೇರಿಲಿ ವಾರಗಟ್ಲೆ ಕಾದ್ರೂ ಸಿಗಲ್ವಲ್ಲೇ."

"ಪದದ ಮುಂದೆ ಅಂಕಿ ಇದೆಯಲ್ಲ, ಅದನ್ನ ಒತ್ತಿದ್ರೆ ಪೂರ್ತಿ ಪದ ಬೀಳುತ್ತೆ. ನೀವು ಯಾವುದನ್ನ ಜಾಸ್ತಿ ಬಳಸ್ತೀರೋ ಅದನ್ನ ಕಲಿತು ಮೇಲಕ್ಕೆ ತರುತ್ತೆ. ಅದಕ್ಕೇ ಪ್ರತಿಸಲ ನೋಡಿ ಒತ್ಬೇಕು."

ಕೊನೆಯ ಮಾತನ್ನು ದೊಡ್ಡಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವಾರದಲ್ಲಿ ಯಾವ ಪದಕ್ಕೆ ಯಾವ ಅಂಕಿ ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ. 'ದಿ' ಒತ್ತಿ ಒಂದನ್ನು ಒತ್ತಿದರೆ 'ದಿನಾಂಕ'. ಕಣ್ಣು ಮತ್ತೆ ಕರಡಿನ ಮೇಲೆ ಕುಳಿತಿತು. ಪುಟಕ್ಕೆ ಹದಿನೈದು ನಿಮಿಷ ಸಾಕಾಯಿತು. ಜಯಪ್ಪನವರು ಯುಗಾದಿಯ ಮಾತು ಎತ್ತುವುದನ್ನು ನಿಲ್ಲಿಸಿದರು.

ಆಮೇಲೆ ಒಂದು ವಾರ ವಂಶವೃಕ್ಷದ ಅರ್ಜಿಗಳ ಸುಗ್ಗಿ. ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು, ಎಲ್ಲರ ಹೆಸರಿನ ಹಿಂದೆಯೂ 'ದಿವಂಗತ'. ಅದರ ಅಂಕಿ ಬಾಯಿಪಾಠವಿಲ್ಲದ್ದರಿಂದ ಚಂದ್ರಹಾಸ ನೂರಾರು ಸಲ ಆ ಪದವನ್ನು ಪೂರ್ತಿಯಾಗಿ ಒತ್ತಿದ. ಅದು ಮುಗಿದ ಸೋಮವಾರ ಭೂತಪ್ಪ ಎಂಬ ಮುದುಕ, ನಿಂತುಹೋದ ವೃದ್ಧಾಪ್ಯ ವೇತನಕ್ಕಾಗಿ ಅರ್ಜಿ ಬರೆಸಿಕೊಂಡು ಹೋದ.

ಗುರುವಾರ ಆ ಅರ್ಜಿಯನ್ನೇ ಹಿಡಿದು ತಿರುಗಿ ಬಂದ.

"ಏನ್ ಮಾರಾಯ, ನನ್ನ ಸಾಯಿಸಿದೀಯಂತಲ್ಲ. ತಿಥಿ ಊಟಕ್ಕಾದ್ರೂ ಕರೀಬಾರ್ದಿತ್ತಾ?"

ಜಯಪ್ಪನವರು ಹಾಳೆ ಇಸಿದುಕೊಂಡು ನೋಡಿದರು. ಕೊನೆಯಲ್ಲಿ ಭೂತಪ್ಪನ ಹೆಸರು, ಅದರ ಎಡಕ್ಕೆ 'ದಿನಾಂಕ' ಎಂದಿರಬೇಕಾದಲ್ಲಿ 'ದಿವಂಗತ', ಮುಂದೆ ಸೋಮವಾರದ ತಾರೀಖು.

"ಗುಮಾಸ್ತ ಕೇಳ್ತಾನೆ, ಅಜ್ಜ, ಸೋಮವಾರ ಹೋದೋರು ಗುರುವಾರ ಹೆಂಗೆ ಬಂದ್ರಿ ಅಂತ" ಎಂದ ಭೂತಪ್ಪ.

ಬೆಂಚಿನ ಮೇಲಿದ್ದವರು ನಕ್ಕರು. ಜಯಪ್ಪನವರು ನಗಲಿಲ್ಲ.

"ಕಂಪ್ಯೂಟರ್ ಒಂದನೇ ಪದ ಬದಲಾಯಿಸಿದೆ" ಎಂದ ಚಂದ್ರಹಾಸ. ಹೇಳಿದ ಮೇಲೆ ಅವನಿಗೇ ಸರಿಬರಲಿಲ್ಲ. "ಅದರದೇನೂ ತಪ್ಪಿಲ್ಲ. ನಾನು ನೋಡ್ಲಿಲ್ಲ."

"ರಶ್ಮಿ, ಬಾರಮ್ಮ. ಇದನ್ನ ನೀನು ಹೊಡಿ" ಎಂದರು ಜಯಪ್ಪನವರು.

ಚಂದ್ರಹಾಸ ಎಡಗೈಯನ್ನು ಮೇಜಿಗೆ ಊರಿ ಎದ್ದ. ಭೂತಪ್ಪ ಅವನ ಭುಜ ಹಿಡಿದು ಮತ್ತೆ ಕೂರಿಸಿದ.

"ಆ ಹುಡುಗಿ ಯಾಕೆ? ಸಾಯಿಸಿದೋನೇ ಬದುಕಿಸ್ಬೇಕು."

ರಶ್ಮಿ ಜಯಪ್ಪನವರ ಮುಖ ನೋಡಿದಳು. ಅವರು ಸ್ವಲ್ಪ ತಾಳು ಎಂಬಂತೆ ಕೈ ಮಾಡಿದರು.

ಚಂದ್ರಹಾಸ ಕರಡು ಹಾಳೆಯನ್ನು ಮಡಚಿ ಡ್ರಾಯರಿನಲ್ಲಿಟ್ಟ. ಕನ್ನಡಕ ಒರೆಸಿ, ಕುರ್ಚಿಯನ್ನು ಪರದೆಗೆ ನೇರ ಮಾಡಿಕೊಂಡ. "ನೀವು ಹೇಳಿ, ನಾನು ಹೊಡೀತೀನಿ. ಒಂದೊಂದು ಸಾಲೂ ಓದಿ ಹೇಳ್ತೀನಿ" ಎಂದ. ಈಶ್ವರಪ್ಪ ಮೇಷ್ಟ್ರು ನೋಡಿದ್ದರೆ ಏನೆನ್ನುತ್ತಿದ್ದರೋ ಎಂಬ ಅಳುಕಿನಿಂದ ಅವನ ಕಿವಿ ಬಿಸಿಯಾಯಿತು. ಆದರೂ ಕಣ್ಣು ಕೀಳಲಿಲ್ಲ. ಕೊನೆಗೆ 'ದಿ' ಒತ್ತಿದ. ಮೊದಲು ದಿವಂಗತ, ಎರಡನೆಯದು ದಿನಾಂಕ. ಎರಡರ ಅಂಕಿಯನ್ನು ಒತ್ತಿದ.

"ಈಗೇನು ಬಂತು?"

"ದಿನಾಂಕ."

"ಹೆಸರು?"

"ಭೂತಪ್ಪ."

"ಬರೀ ಭೂತಪ್ಪನೇ ತಾನೆ?"

"ಬರೀ ಭೂತಪ್ಪನೇ."

ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿದಿತ್ತು, ಆದರೆ ಬೆಂಚಿನಿಂದ ಒಬ್ಬರೂ ಎದ್ದಿರಲಿಲ್ಲ. ತನ್ನ ಅರ್ಜಿಯನ್ನೂ ಹೀಗೇ ಓದಿ ಹೇಳಬೇಕೆಂದು ಒಬ್ಬಾಕೆ ಆಗಲೇ ಚಂದ್ರಹಾಸನಿಗೆ ಹೇಳಿಯಾಗಿತ್ತು.

ಭೂತಪ್ಪ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೆ ಒರೆಸಿಕೊಂಡ. "ಜಯಪ್ಪೋರೆ, ತಪ್ಪು ಹುಡುಕಿದೋರಿಗೆ ಕಾಫಿ ಅಂತಿದ್ರಂತಲ್ಲ?"

ಜಯಪ್ಪನವರು ಪಕ್ಕದ ಹೋಟೆಲಿನ ಕಡೆ ತಿರುಗಿ ಮೂರು ಕಾಫಿ ಎಂದು ಬೆರಳು ತೋರಿಸಿದರು. ಆಮೇಲೆ ಆ ಹೆಂಗಸಿನ ಕಾಗದಗಳನ್ನು ತೆಗೆದುಕೊಂಡು ಚಂದ್ರಹಾಸನ ಮೇಜಿನ ಮೇಲಿಟ್ಟರು.