ಡ್ರಾಯಿಂಗ್ ಟೀಚರಿಗೂ ಒಂದು ಟ್ರೈನಿಂಗು

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಮೂರನೇ ಕ್ಲಾಸಿನಲ್ಲಿ ನಾನು ಬರೆದ ಹಸುವನ್ನು ನೋಡಿ ಮೇಷ್ಟ್ರು "ಮಂಚ ಚೆನ್ನಾಗಿದೆ" ಅಂದರು. ಮರುವರ್ಷ ಶಾಲೆಯೂ ಬಿಟ್ಟುಹೋಯಿತು. ಇಂಥವಳಿಗೆ ಸಿಕ್ಕ ಸೊಸೆ ಸವಿತಾ, ಭದ್ರಾವತಿ ಓಲ್ಡ್ ಟೌನಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರು. ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ.

ಟೀಚರುಗಳಿಗೆ ಟ್ರೈನಿಂಗ್ ಎಂಬುದೊಂದಿದೆ. ಗಣಿತದವರಿಗೆ ಗಣಿತದ್ದು, ವಿಜ್ಞಾನದವರಿಗೆ ವಿಜ್ಞಾನದ್ದು. ಡ್ರಾಯಿಂಗಿನವರಿಗೆ? ಎಲ್ಲಿ ಜನ ಕಡಿಮೆಯೋ ಅಲ್ಲಿಗೆ. ಹೀಗೆ ಹನ್ನೆರಡು ವರ್ಷದಲ್ಲಿ ಸವಿತಾ ಭಿನ್ನರಾಶಿ ಕಲಿತಳು, ಹಾಜರಾತಿ ಆ್ಯಪ್ ಕಲಿತಳು, ಬೆಂಕಿ ಆರಿಸುವುದನ್ನು ಎರಡು ಸಲ ಕಲಿತಳು. ಹೋದಲ್ಲೆಲ್ಲ "ನೀವು ಡ್ರಾಯಿಂಗ್ ಅಲ್ವಾ ಮೇಡಂ?" ಅಂತ ಬ್ಯಾನರನ್ನೂ ಅವಳ ಕೈಯಲ್ಲೇ ಬರೆಸಿದರು. ಅಡಿಗೆಯವಳನ್ನು ಅಕ್ಕಸಾಲಿಗನ ಹತ್ತಿರ ಪಾಠಕ್ಕೆ ಕಳಿಸಿ, ಅಲ್ಲೂ ಟೀ ಕಾಯಿಸು ಅಂದ ಹಾಗೆ.

ಈ ವರ್ಷ ಹೆಡ್ಮಾಸ್ಟರು ಡ್ರಾಯಿಂಗಿನ ಪೀರಿಯಡ್ಡುಗಳನ್ನು ಗಣಿತಕ್ಕೆ ಕೊಡುವ ಮಾತು ತೆಗೆದರು. "ಮಕ್ಕಳು ಎಂಟನೇ ಕ್ಲಾಸಲ್ಲೂ ಅದೇ ಎರಡು ಗುಡ್ಡ, ಮಧ್ಯೆ ಸೂರ್ಯ ಬರೀತಾವೆ. ಹೊಸದೇನು ಕಲಿಸ್ತೀರಿ ಅಂತ ದಸರಾ ರಜೆಯೊಳಗೆ ತೋರಿಸಿ" ಅಂದರಂತೆ. ಸೊಸೆ ಮನೆಗೆ ಬಂದು ಅತ್ತಳು. ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಅವ್ರು ಹೇಳಿದ್ದು ಸುಳ್ಳೇನೇ?" ಅಂದೆ.

"ಸುಳ್ಳಲ್ಲ ಅತ್ತೆ. ನಂಗೂ ಅಷ್ಟೇ ಕಲಿಸಿದ್ದು. ಬೇರೆ ಕಲಿಯೋಣ ಅಂದ್ರೆ ಕಲಿಸೋರೆಲ್ಲಿ?"

"ನಿನ್ನಂಥ ದಿಕ್ಕಿಲ್ಲದೋರು ಇನ್ನೂ ಇರ್ತಾರಲ್ಲ, ಕರಿ ಅವ್ರನ್ನ. ಜಾಗ ನಂದು, ಕಾಫಿ ನಂದು."

ಒಂದು ಭಾನುವಾರ ಆರು ಜನ ಡ್ರಾಯಿಂಗ್ ಟೀಚರುಗಳು ಬಂದರು. ಬಂದವರು ಏನು ಮಾಡಿದರು ಹೇಳಿ? ಒಬ್ಬಳು ಬಾಗಿಲಿಗೆ ರಂಗೋಲಿ ಹಾಕಿದಳು, ಇಬ್ಬರು "ಸ್ವಾಗತ" ಅಂತ ಬ್ಯಾನರ್ ಬರೆದರು, ಉಳಿದವರು ಆ ಅಕ್ಷರಗಳಿಗೆ ನೆರಳು ಕೊಟ್ಟರು. ಗಂಟೆ ಹನ್ನೊಂದೂವರೆಯಾದರೂ ಒಬ್ಬರೂ ಕೂರಲಿಲ್ಲ. ಕಂಡವರ ಟ್ರೈನಿಂಗಿಗೆಲ್ಲ ಅಲಂಕಾರ ಮಾಡಿ ಮಾಡಿ, ತಾವೂ ಕೂತು ಕಲಿಯಬಹುದೆಂಬುದೇ ಅವರಿಗೆ ಮರೆತುಹೋಗಿತ್ತು.

"ಯಾರಿಗ್ರಪ್ಪಾ ಸ್ವಾಗತ? ನನ್ನ ಮನೇಲಿ ನಂಗಾ? ಕೂತ್ಕೊಳ್ರಿ ಸುಮ್ನೆ!" ಅಂದೆ. ಕೂತರು.

ಅವರಲ್ಲೊಬ್ಬ ಭದ್ರಾವತಿಯ ಮುರುಗೇಶ; ಅವನ ಅಪ್ಪ ಕಾರ್ಖಾನೆಯಲ್ಲಿ ಮರಳಿನ ಅಚ್ಚಿಗೆ ಕಬ್ಬಿಣದ ಎರಕ ಹೊಯ್ಯುತ್ತಿದ್ದವರು. "ನಮ್ಮಪ್ಪ ಮಾಡ್ತಿದ್ದಂಗೇ ಮಾಡೋಣಮ್ಮಾ. ಕಬ್ಬಿಣದ ಬದ್ಲು ಪ್ಲಾಸ್ಟರು, ಅಷ್ಟೇ" ಅಂದ. ಒದ್ದೆ ಮರಳಿನಲ್ಲಿ ಹಲಸಿನೆಲೆ ಒತ್ತಿಸಿದ, ಬೀಗದಕೈ ಒತ್ತಿಸಿದ, ಕೊನೆಗೆ ನನ್ನ ಕೈಯನ್ನೂ ಒತ್ತಿಸಿ, ಆ ಗುಳಿಗೆ ಪ್ಲಾಸ್ಟರ್ ಹೊಯ್ದ. ಗಟ್ಟಿಯಾದ ಮೇಲೆ ಎತ್ತಿದರೆ ನನ್ನ ಸೊಟ್ಟ ಬೆರಳುಗಳು ಇದ್ದ ಹಾಗೇ ಇದ್ದವು.

"ಸೊಟ್ಟನಾದ್ರೂ ಕಮ್ಮಿ ಮಾಡಬಾರ್ದಿತ್ತೇನೋ ಮಾರಾಯ" ಅಂದೆ.

ಸವಿತಾ ಈ ವಿದ್ಯೆಯನ್ನು ಕ್ಲಾಸಿಗೆ ಒಯ್ದಳು. ಮಕ್ಕಳು ಚಪ್ಪಲಿ ತಂದರು, ಸೈಕಲ್ಲಿನ ಪೆಡಲ್ ತಂದರು, ಒಬ್ಬಳು ತನ್ನ ಅಜ್ಜಿಯನ್ನೇ ಕರೆತಂದಳು. ತಪ್ಪು ಹುಡುಕಲು ಬಂದ ಹೆಡ್ಮಾಸ್ಟರು ತಮ್ಮ ಕನ್ನಡಕವನ್ನೇ ಮರಳಿಗೆ ಒತ್ತಿದರಂತೆ. ಪೀರಿಯಡ್ಡುಗಳು ಉಳಿದವು. ಸುದ್ದಿ ಮೇಲಿನ ಆಫೀಸಿಗೂ ಮುಟ್ಟಿ, ತಾಲ್ಲೂಕಿನ ಡ್ರಾಯಿಂಗ್ ಟೀಚರುಗಳಿಗೆಂದೇ ಎರಡು ದಿನದ ಟ್ರೈನಿಂಗಿಗೆ ಆರ್ಡರು ಬಂತು. ಕಲಿಸುವವರು ಮುರುಗೇಶ ಮತ್ತು ನನ್ನ ಸೊಸೆ!

ಇಷ್ಟು ವರ್ಷ ಟ್ರೈನಿಂಗಿಗೆ ಹೊರಟಾಗೆಲ್ಲ ಹಲ್ಲು ಕೀಳಿಸಲು ಹೋಗುವವಳ ಮುಖ ಮಾಡುತ್ತಿದ್ದವಳು, ಅವತ್ತು ಬೆಳಿಗ್ಗೆ ಮರಳಿನ ಚೀಲ ಎತ್ತಿಕೊಂಡು ಓಡಿದಳು. "ದೋಸೆ ತಿಂದ್ಕೊಂಡು ಹೋಗೇ ಮಾರಾಯ್ತಿ!" ಅಂತ ಕೂಗುವಷ್ಟರಲ್ಲಿ ಬೀದಿ ದಾಟಿದ್ದಳು. ಅವಳ ಪಾಲಿನ ಎರಡು ದೋಸೆಯನ್ನೂ ನಾನೇ ತಿಂದೆ. ತಣ್ಣಗಾಗಿದ್ದವು. ಗೆದ್ದವರ ಮನೆಯ ದೋಸೆ ತಣ್ಣಗಿದ್ದರೂ ರುಚಿ.