ಕೊಯ್ದ ಗಂಟಲಿನ ಮಾತು

ಗಾಳಿ ಮೆಟ್ಟಿದೆ, ಮೈಮೇಲೆ ಬಂದಿದೆ ಎಂದು ಯಾರಾದರೂ ರೋಗಿಯನ್ನು ಕರೆತಂದರೆ ನಾನು ಅವರ ಎದುರಿಗೆ ನಗುತ್ತಿರಲಿಲ್ಲ, ಒಳಗೆ ಹೋಗಿ ನಗುತ್ತಿದ್ದೆ. ಒಂದು ಬಾಟಲಿ ಗ್ಲೂಕೋಸ್ ಹಾಕಿದರೆ ಎಷ್ಟೋ ದೆವ್ವಗಳು ಇಳಿದು ಹೋಗುವುದನ್ನು ಕಣ್ಣಾರೆ ಕಂಡವನು ನಾನು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಹಾಸನದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಡಾಕ್ಟರ್. ಜನ ಅಂದುಕೊಂಡಂತೆ ನಾವು ಸದಾ ಓಡುತ್ತಿರುವುದಿಲ್ಲ. ಗ್ಯಾಸ್ಟ್ರಿಕ್ಕಿನ ಎದೆನೋವು, ಬೈಕಿನಿಂದ ಬಿದ್ದವರ ಮಂಡಿ, ನಾಯಿ ಕಚ್ಚಿದ ಕಾಲು, ಇವುಗಳಲ್ಲೇ ದಿನ ಕಳೆಯುತ್ತದೆ. ನಡುನಡುವೆ ಮಚ್ಚಿನ ಕೇಸು. ತೆಂಗಿನ ಸೀಮೆಯಲ್ಲಿ ಮಚ್ಚಿಲ್ಲದ ಮನೆಯಿಲ್ಲ, ಸಿಟ್ಟು ಬಂದಾಗ ಮೊದಲು ಕೈಗೆ ಸಿಗುವುದೂ ಅದೇ. ಇಷ್ಟು ರಕ್ತ ನೋಡಿ ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು ಕೇಳುತ್ತಾರೆ. ರಕ್ತಕ್ಕಿಂತ ನಿದ್ದೆಗೇಡು ಕೆಟ್ಟದ್ದು ಎನ್ನುವುದು ನನ್ನ ಅಭಿಪ್ರಾಯ. ನಿದ್ದೆ ಮಾಡದ ಡಾಕ್ಟರ ಹತ್ತಿರ ಹೋಗಬೇಡಿ ಎಂದು ನೆಂಟರಿಗೆಲ್ಲ ಹೇಳುತ್ತಿರುತ್ತೇನೆ. ರಜೆ ಸಿಕ್ಕರೆ ಅರಕಲಗೂಡಿನ ಮಾವನ ಮನೆಗೆ ಹೋಗಿ, ಮುದ್ದೆ ಉಂಡು, ಫೋನ್ ಆಫ್ ಮಾಡಿ ಮಲಗಿಬಿಡುತ್ತೇನೆ. ಸಂಜೆ ಷಟಲ್ ಆಡಿ ಹುಡುಗರ ಕೈಲಿ ಸೋಲುತ್ತೇನೆ. ಇದು ನಡೆದ ಭಾನುವಾರವೂ ಹಾಗೆ ಚೆನ್ನಾಗಿ ಮಲಗೆದ್ದು ಡ್ಯೂಟಿಗೆ ಬಂದಿದ್ದೆ. ಸುಸ್ತಾಗಿ ಏನೋ ಕೇಳಿಸಿರಬೇಕು ಎನ್ನುವವರಿಗಾಗಿ ಇದನ್ನು ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ದುದ್ದದ ಕಡೆಯಿಂದ ಆಂಬುಲೆನ್ಸ್ ಬಂತು. ಅದರಲ್ಲಿದ್ದವನು ಯೋಗೇಶ, ಮೂವತ್ತು ದಾಟಿದ ಗಟ್ಟಿಮುಟ್ಟಾದ ಆಳು. ತೋಟದ ದಾರಿಯ ಜಗಳದಲ್ಲಿ ಅವನ ಸ್ವಂತ ಅಣ್ಣ ಮಂಜೇಗೌಡನೇ ಮಚ್ಚು ಬೀಸಿದ್ದ. ಯೋಗೇಶನ ಹೆಂಡತಿ ಸವಿತಾ ತನ್ನ ಸೆರಗನ್ನೇ ಉಂಡೆ ಮಾಡಿ ಅವನ ಕುತ್ತಿಗೆಗೆ ಒತ್ತಿ ಹಿಡಿದಿದ್ದಳು. ಕೈ ತೆಗೆಸಿದಾಗ ಗಾಳಿಕೊಳವೆ ತೆರೆದುಕೊಂಡಿತ್ತು. ಉಸಿರು ಬಾಯಿಂದ ಬರದೆ ಗಾಯದಿಂದ ನೊರೆನೊರೆಯಾಗಿ ಬುಸುಗುಡುತ್ತಿತ್ತು. ಮುಖದ ತುಂಬ ರಕ್ತ, ಎಡಗೈಯ ಎರಡು ಬೆರಳು ತೊಗಲಿನಲ್ಲಿ ನೇತಾಡುತ್ತಿದ್ದವು.

ಮುಂದಿನದನ್ನು ಬಿಡಿಸಿ ಹೇಳಬೇಕು. ಅವನು ಕೈಕಾಲು ಬಡಿಯುತ್ತಿದ್ದ. ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟೆ, ಅದರ ಹಿಂದೆಯೇ ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುವ ಔಷಧಿ ಕೊಟ್ಟೆ. ಅದು ಏರಿದ ಮೇಲೆ ರೋಗಿಯ ರೆಪ್ಪೆ ಕೂಡ ಅಲುಗುವುದಿಲ್ಲ. ಗಾಯದ ಮೂಲಕವೇ ಗಾಳಿಕೊಳವೆಗೆ ಟ್ಯೂಬ್ ಇಳಿಸಿ ಯಂತ್ರಕ್ಕೆ ಜೋಡಿಸಿದೆ. ಅಂದರೆ ಅವನ ಉಸಿರು ಧ್ವನಿಪೆಟ್ಟಿಗೆಗೆ ಮುಟ್ಟುವ ಮಾತೇ ಇರಲಿಲ್ಲ. ಅವನಿಂದ ಮಾತು ಹೊರಡುವುದು ಸಾಧ್ಯವಿರಲಿಲ್ಲ. ಸವಿತಾಳನ್ನು ಹೊರಗೆ ಕೂರಿಸಿದ್ದರು. ಒಳಗೆ ನಾನು ಮತ್ತು ಸಿಸ್ಟರ್ ಪುಷ್ಪಾ ಇಬ್ಬರೇ.

ಬಾಗಿಲಿಗೆ ಬೆನ್ನು ಹಾಕಿ ನಿಂತು, ಚಿಮ್ಮುತ್ತಿದ್ದ ರಕ್ತನಾಳವೊಂದನ್ನು ಹಿಡಿಯುವುದರಲ್ಲಿದ್ದೆ. ನನ್ನ ಮುಖ ಯೋಗೇಶನ ಮುಖಕ್ಕೆ ಹತ್ತಿರವಿತ್ತು.

"ಸಾ, ಬಗ್ಗಿ."

ಗಂಡಸಿನ ದನಿ. ಮೆಲ್ಲಗೆ, ಆದರೆ ಸ್ಪಷ್ಟವಾಗಿ. ಯೋಚಿಸದೆ ಬಗ್ಗಿಬಿಟ್ಟೆ. ನನ್ನ ತಲೆಯಿದ್ದ ಜಾಗದಲ್ಲಿ ಮಚ್ಚು ಹಾದು ಡ್ರಿಪ್ಪಿನ ಕಂಬಿಗೆ ಬಡಿಯಿತು. ಕಂಬಿ ಮಂಚದ ಮೇಲೆ ಉರುಳಿತು, ಪುಷ್ಪಾ ಗೋಡೆಗೆ ಅಂಟಿಕೊಂಡಳು.

ಬಂದವನು ಮಂಜೇಗೌಡ. ಬೈಕಿನಲ್ಲಿ ಆಂಬುಲೆನ್ಸಿನ ಹಿಂದೆಯೇ ಬಂದಿದ್ದ. ಮಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು, ತಾನು ಯೋಗೇಶನ ಅಣ್ಣ ಎಂದು ಹೇಳಿ ಒಳಗೆ ಬಂದಿದ್ದಾನೆ. ಗೇಟಿನವನು ಬಿಟ್ಟಿದ್ದಾನೆ. ಸವಿತಾ ಅಡ್ಡ ಬಂದಾಗ ಅವಳ ಹೊಟ್ಟೆಗೆ ಒದ್ದು ಕೆಡವಿದ್ದ. ನನ್ನ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ. ತಮ್ಮನಿಗೂ ಅವನಿಗೂ ನಡುವೆ ನಿಂತಿದ್ದೆ, ಅಷ್ಟೇ.

ಬಗ್ಗಿದ ರಭಸಕ್ಕೆ ನೆಲಕ್ಕೆ ಬಿದ್ದಿದ್ದೆ, ಅಲ್ಲಿಂದಲೇ ನೋಡಿದೆ. ಅವನು ಮತ್ತೆ ಮಚ್ಚೆತ್ತಿದ. ಯೋಗೇಶನ ಕುತ್ತಿಗೆ ಅವನ ಮುಂದೆ ತೆರೆದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ಎತ್ತಿದ ಕೈ ಅಲ್ಲೇ ನಿಂತಿತು. ಅವನು ತಮ್ಮನ ಮುಖವನ್ನೇ ದಿಟ್ಟಿಸುತ್ತಿದ್ದ.

"ಏನಂದ್ಲಾ?" ಎಂದು ಕೇಳಿದ. ಉತ್ತರಕ್ಕೆ ಕಾದ. ಮತ್ತೆ, "ಇನ್ನೊಂದ್ಕಿತ ಹೇಳ್ಲಾ" ಎಂದ.

ಮಂಚದ ಮೇಲಿದ್ದವನ ತುಟಿ ಅಲುಗಿರಲಿಲ್ಲ. ಯಂತ್ರ ತನ್ನ ಪಾಡಿಗೆ ಉಸಿರು ತುಂಬುತ್ತಿತ್ತು. ಮಂಜೇಗೌಡನ ಕೈಯಿಂದ ಮಚ್ಚು ಜಾರಿತು. ಅಷ್ಟರಲ್ಲಿ ಗೇಟಿನವನೂ ಆಂಬುಲೆನ್ಸ್ ಡ್ರೈವರೂ ಓಡಿಬಂದು ಅವನನ್ನು ಕೆಡವಿ, ಸಿಕ್ಕಿದ್ದರಲ್ಲಿ ಹೊಡೆದರು. ಹಲ್ಲು ಉದುರಿತು. ಅವನು ಕೈ ಅಡ್ಡ ಹಿಡಿಯಲೂ ಇಲ್ಲ. ನಾನೇ ಬೈದು ಬಿಡಿಸಬೇಕಾಯಿತು.

ಯೋಗೇಶನನ್ನು ಆಪರೇಷನ್ನಿಗೆ ಕಳಿಸಿದ ಮೇಲೆ, ಪೊಲೀಸರ ಕಾವಲಿನಲ್ಲಿ ಮಂಜೇಗೌಡನ ಒಡೆದ ತುಟಿಗೆ ಹೊಲಿಗೆ ಹಾಕಿದವನೂ ನಾನೇ. ನಮ್ಮ ಕೆಲಸದಲ್ಲಿ ಯಾರು ಕಡಿದವರು, ಯಾರು ಕಡಿಸಿಕೊಂಡವರು ಎಂದು ನೋಡಲಾಗುವುದಿಲ್ಲ. ಮಚ್ಚೆತ್ತಿದಾಗ ಏನು ಕೇಳಿಸಿತು ಎಂದು ಅವನನ್ನು ಕೇಳಿದೆ.

"ಅಣ್ಣ, ಉಂಡ್ಯಾ ಅಂದ ಸಾ" ಎಂದ.

ಪುಷ್ಪಾಳಿಗೆ ಎರಡು ಮಾತೂ ಕೇಳಿಸಿಲ್ಲ. ಅವಳು ಮಂಚದ ಆಚೆ ಬದಿಗೇ ನಿಂತಿದ್ದಳು. ನೀವ್ಯಾಕೆ ಇದ್ದಕ್ಕಿದ್ದಂತೆ ಬಗ್ಗಿದಿರಿ ಸರ್ ಎಂದು ಅವಳೇ ನನ್ನನ್ನು ಕೇಳಿದಳು.

ಯೋಗೇಶ ಬದುಕಿದ. ಬೆರಳುಗಳು ಹೋದವು. ಕೆಲವು ತಿಂಗಳ ಮೇಲೆ ಹೆಂಡತಿಯ ಜೊತೆ ತೋರಿಸಿಕೊಳ್ಳಲು ಬಂದಿದ್ದ. ದನಿ ಹರಿದ ಗೋಣಿ ಎಳೆದ ಹಾಗಿತ್ತು. ಆಸ್ಪತ್ರೆಯ ಯಾವ ನೆನಪೂ ಇಲ್ಲ, ಮಚ್ಚು ಮೇಲೆದ್ದಿದ್ದು ಬಿಟ್ಟರೆ ಎಲ್ಲ ಕತ್ತಲೆ ಎಂದ. ಹೇಳಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ನಡೆದದ್ದನ್ನೆಲ್ಲ ಹೇಳಿದೆ. ದಾರಿಯ ಜಗಳ ಶುರುವಾದ ಮೇಲೆ ಅಣ್ಣನ ಜೊತೆ ಒಂದು ಮಾತೂ ಆಡಿರಲಿಲ್ಲವಂತೆ. ಸವಿತಾ ಸಿಟ್ಟಿಗೆದ್ದಳು.

"ಕುತ್ಗೆ ಕೊಯ್ದೋನು ಉಂಡ್ರೆಷ್ಟು, ಬುಟ್ರೆಷ್ಟು ಸಾ" ಎಂದು ಚೀಟಿ ತೆಗೆದುಕೊಂಡು ಹೊರಗೆ ಹೋದಳು.

ಯೋಗೇಶ ಏಳಲಿಲ್ಲ.

"ಅದ್ಕೆ ಅವ್ನೇನಂದ ಸಾ? ಉಂಡಿದ್ನಂತಾ?"

ನಾನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ.

ಅಪಾಯದ ಹೊತ್ತಿನಲ್ಲಿ ಮೆದುಳು ತಾನೇ ಮಾತು ಹುಟ್ಟಿಸಿಕೊಳ್ಳುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇರಬಹುದು. ಆದರೆ ನನ್ನ ಮೆದುಳಿಗೆ ಬೆನ್ನ ಹಿಂದಿನ ಮಚ್ಚು ಹೇಗೆ ಕಂಡಿತು? ನನ್ನದು, ಮಂಜೇಗೌಡನದು, ಇಬ್ಬರ ಮೆದುಳೂ ಒಂದೇ ಹೊತ್ತಿಗೆ ಯಾಕೆ ಮಾತಾಡಿದವು? ನಾನು ಕೇಳಿದ್ದು ಯೋಗೇಶನ ಈ ಹರಕು ದನಿಯಲ್ಲ, ಅದು ಖಂಡಿತ. ಗಾಯವಾಗುವ ಮುಂಚಿನ ಅವನ ದನಿಯನ್ನು ನಾನು ಒಮ್ಮೆಯೂ ಕೇಳಿಲ್ಲ. ಸವಿತಾಳ ಫೋನಿನಲ್ಲಿ ಅವನು ಮಾತಾಡುವ ಹಳೆಯ ವಿಡಿಯೊ ಒಂದಾದರೂ ಇರುತ್ತದೆ. ಅವರು ಈಗಲೂ ಆಗಾಗ ಬರುತ್ತಾರೆ. ತೋರಿಸಮ್ಮ ಎಂದು ಕೇಳಲು ನನಗೆ ಇದುವರೆಗೂ ಧೈರ್ಯ ಬಂದಿಲ್ಲ.