ಎಂಟು ವರ್ಷಕ್ಕೆ ಎದ್ದುಹೋದವರು

ಕಳೆದ ವಾರ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ಅಮೆರಿಕದ ಮೊದಲ ಅಧ್ಯಕ್ಷರ ಜೀವನಚರಿತ್ರೆಯೊಂದು ಕೈಗೆ ಸಿಕ್ಕಿತು. ತೆರೆದರೆ ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ ಚಾಮರಾಜಪೇಟೆಯ ನಮ್ಮ ಇತಿಹಾಸದ ಮೇಷ್ಟ್ರು ನೆನಪಾದರು. ನೆನಪಾಗಬಾರದ ಹೊತ್ತಿಗೇ ಆದರು ಅನ್ನಿ. ಆ ಭಾನುವಾರ ನಮ್ಮ ವಾಚನಾಲಯದ ಚುನಾವಣೆ; ಎಂಟು ವರ್ಷದಿಂದ ಅಧ್ಯಕ್ಷನಾಗಿದ್ದ ನಾನು ಮತ್ತೆ ನಿಲ್ಲುವುದೆಂದು ಒಳಗೊಳಗೇ ತೀರ್ಮಾನಿಸಿಯಾಗಿತ್ತು.

ವಾಚನಾಲಯ ಕಟ್ಟಿದವರೇ ಮೇಷ್ಟ್ರು. ವರ್ಷಕ್ಕೊಮ್ಮೆ ಅಲ್ಲಿ ಅವರದೊಂದು ಭಾಷಣ, ವಿಷಯ ಅದೇ ಅಧ್ಯಕ್ಷರು. ಹರೆಯದಲ್ಲಿ ಕಾಡು ಅಳೆದದ್ದು, ಯುದ್ಧ ಗೆದ್ದು ಸೇನಾಧಿಕಾರವನ್ನು ಹಿಂದಿರುಗಿಸಿದ್ದು, ಎರಡು ಅವಧಿ ಆಳಿ ಇನ್ನು ಸಾಕೆಂದು ಹೊಲಕ್ಕೆ ಹೊರಟದ್ದು. ಆ ಹೊಲದಲ್ಲಿ ದುಡಿದವರು ಗುಲಾಮರು ಎಂಬುದನ್ನೂ ಮುಚ್ಚಿಡುತ್ತಿರಲಿಲ್ಲ. "ದೊಡ್ಡೋರು ಅಂತ ತಪ್ಪು ತಪ್ಪಲ್ದೆ ಹೋಗತ್ತೇನ್ರಿ?" ಎನ್ನುವರು. ನಮಗೆಲ್ಲ ಕಥೆ ಬಾಯಿಪಾಠ. ನಾವು ಕಾಯುತ್ತಿದ್ದದ್ದು ಆಮೇಲಿನ ಖಾರಾಬಾತಿಗೆ.

ಆಗ ಇಪ್ಪತ್ತು ವರ್ಷದಿಂದ ಮೇಷ್ಟ್ರೇ ವಾಚನಾಲಯದ ಅಧ್ಯಕ್ಷರು. ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ. ಆಗಷ್ಟೇ ಕಾಲೇಜು ಸೇರಿ ತಲೆಗೆ ಕೊಂಬು ಬಂದಿದ್ದ ನಾನು, ತುಂಬಿದ ಸಭೆಯಲ್ಲಿ ಎದ್ದು ಕೇಳಿಯೇಬಿಟ್ಟೆ: "ಸರ್, ಅವ್ರು ಎಂಟು ವರ್ಷಕ್ಕೆ ಎದ್ದು ಹೋದ್ರು. ನೀವ್ಯಾವಾಗ?"

ಮೇಷ್ಟ್ರು ಬಾಗಿಲ ಕಡೆ ತಿರುಗಿ, "ಕಾಫಿ ಬಂತೇನ್ರಿ?" ಎಂದರು. ಮುಂದಿನ ಸಭೆಯಲ್ಲಿ ರಾಜೀನಾಮೆ ಕೊಟ್ಟರು.

ನನ್ನ ಹಿಗ್ಗು ವಾರವೂ ಉಳಿಯಲಿಲ್ಲ. ಹೊಸಬರು ಬಂದು, ಮೇಷ್ಟ್ರು ಜೋಡಿಸಿದ್ದ ಕಪಾಟುಗಳನ್ನೆಲ್ಲ ಕದಲಿಸಿದರು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಪೇಪರ್ ಹಿಡಿದು ಕೂತಿದ್ದರು; ಒಂದೇ ಪುಟ, ಅರ್ಧ ಗಂಟೆ. ತಡೆಯಲಾರದೆ ಹತ್ತಿರ ಹೋಗಿ, "ಏನಾದ್ರೂ ಹೇಳಿ ಸರ್" ಎಂದೆ.

"ಹೇಳ್ತಾ ಕೂತ್ರೆ ಕುರ್ಚಿ ಇಳಿದಂಗಾಗಲ್ಲ ಕಣೋ" ಎಂದರು.

ಅವರ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಭಾನುವಾರದ ಚುನಾವಣೆಗೆ ನಾನು ನಿಲ್ಲಲಿಲ್ಲ. ತರಕಾರಿ ಮಂಡಿ ನಡೆಸುವ ಸರೋಜಮ್ಮ ಅಧ್ಯಕ್ಷೆಯಾದರು. ಕೂತ ಕೂಡಲೇ ಅವರ ಮೊದಲ ಮಾತು: "ಹಳೆ ಮ್ಯಾಗಜೀನ್ ರೂಮ್ ಖಾಲಿ ಮಾಡ್ಸೋಣ. ಪರೀಕ್ಷೆಗೆ ಓದೋ ಮಕ್ಳು ಕೂತ್ಕೊಳ್ಲಿ." ಎಂಟು ವರ್ಷ ಒಂದೊಂದು ಸಂಚಿಕೆಯನ್ನೂ ಹುಡುಕಿ ತಂದು ಬೈಂಡ್ ಮಾಡಿಸಿದವನು ನಾನು. ನನ್ನ ಕೈ ತಾನಾಗಿಯೇ ಮೇಲೆದ್ದಿತು.

"ಹೇಳಿ ಸರ್" ಎಂದರು ಸರೋಜಮ್ಮ. ಎಲ್ಲರೂ ತಿರುಗಿ ನೋಡಿದರು.

"ಫ್ಯಾನ್ ಸ್ವಲ್ಪ ಜಾಸ್ತಿ ಮಾಡ್ಸಿ" ಎಂದೆ.